ಅಮ್ಮ ಬಾಯಿಗಿಡದ ಮೀನು

ಯುಗಾದಿ ಕಳೆದ ಮೇಲೆ ಚೆಕ್ ಡ್ಯಾಮಿನ ನೀರು ದಿನಾ ಸ್ವಲ್ಪ ಸ್ವಲ್ಪ ಹಿಂದೆ ಸರಿಯಿತು. ನೀರು ಬಿಟ್ಟ ಜಾಗದಲ್ಲಿ ಕೆಸರು ಮೊದಲು ಹೊಳೆಯುತ್ತಿತ್ತು, ಆಮೇಲೆ ಬಿರುಕು ಬಿಡುತ್ತಿತ್ತು. ಕೊಕ್ಕರೆಗಳು ಬಂದು ಕೂತವು. ಬೆಳಗ್ಗೆ ಬಟ್ಟೆ ಒಗೆಯಲು ಹೋದಾಗ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುವುದನ್ನು ನೋಡುತ್ತಿದ್ದೆ. ನೋಡಿ ಏನೂ ಅನ್ನಿಸುತ್ತಿರಲಿಲ್ಲ. ಬಟ್ಟೆ ಹಿಂಡಿಕೊಂಡು ಬರುತ್ತಿದ್ದೆ.

ಪಿನಾಕಿನಿ ದೊಡ್ಡ ಹೊಳೆಯಲ್ಲ. ಮಂಚೇನಹಳ್ಳಿ ಕಡೆಯಿಂದ ಬಂದು ನಮ್ಮೂರ ಪಕ್ಕ ಹಾದು ಗೌರಿಬಿದನೂರಿನ ಕಡೆ ಹೋಗುತ್ತದೆ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಡುವವರೆಗೂ ಅದರಲ್ಲಿ ಮರಳು ಮತ್ತು ಜಾಲಿ ಗಿಡಗಳನ್ನೇ ಹೆಚ್ಚು ನೋಡಿದ್ದೆ. ಈಚೆಗೆ ಮಳೆ ಚೆನ್ನಾಗಿ ಆಗಿ ಚೆಕ್ ಡ್ಯಾಮು ತುಂಬುತ್ತಿತ್ತು. ಬೇಸಿಗೆಯಲ್ಲಿ ನೀರು ಮೊಣಕಾಲಿಗೆ ಇಳಿದಾಗ ಊರೆಲ್ಲ ಒಂದು ದಿನ ಗೊತ್ತು ಮಾಡಿಕೊಂಡು ನೀರಿಗೆ ಇಳಿಯುತ್ತಿತ್ತು. ಅವತ್ತು ಎಲ್ಲರ ಮನೆಯಲ್ಲೂ ಮೀನಿನ ಸಾರು.

ಈ ವರ್ಷ ಯಾರೂ ಇಳಿದಿರಲಿಲ್ಲ. ಅಮ್ಮನಿಗಾಗಿ ಕಾಯುತ್ತಿದ್ದರು.

ನಮ್ಮೂರಲ್ಲಿ ಒಂದು ಕಟ್ಟುಪಾಡು ಇದೆ. ಹೊಳೆ ಊರಿನವರೊಬ್ಬರನ್ನು ತೆಗೆದುಕೊಂಡರೆ ಆ ಹೊಳೆಯ ಮೀನನ್ನು ಊರು ಮುಟ್ಟುವುದಿಲ್ಲ. ಹೋದವರ ತಾಯಿ ಊರಿನವರ ಎದುರಿಗೆ ಮೊದಲು ಒಂದು ತುತ್ತು ಬಾಯಿಗೆ ಇಟ್ಟುಕೊಳ್ಳಬೇಕು. ತಾಯಿ ಇಲ್ಲದಿದ್ದರೆ ಹೆಂಡತಿ. ಆಮೇಲೆ ಯಾರು ಬೇಕಾದರೂ ಹಿಡಿಯಬಹುದು, ತಿನ್ನಬಹುದು. ಯಾಕೆ ಹೀಗೆ ಅಂತ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳದಿದ್ದರೂ ಗೊತ್ತಾಗುತ್ತದೆ.

ಹೊಳೆ ತೆಗೆದುಕೊಂಡದ್ದು ನನ್ನ ಅಣ್ಣ ಮಧುಸೂದನನನ್ನು. ಐಟಿಐ ಓದಿ ಗೌರಿಬಿದನೂರಿನ ಒಂದು ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ. ಮದುವೆ ಆಗಿರಲಿಲ್ಲ. ಕಾರ್ತೀಕದ ಮಳೆಗೆ ಹೊಳೆ ಡ್ಯಾಮಿನ ಮೇಲೆ ಹರಿಯುತ್ತಿದ್ದಾಗ ಅಪ್ಪನ ಬಲೆ ಅಲ್ಲಿನ ಕಬ್ಬಿಣದ ಸರಳಿಗೆ ಸಿಕ್ಕಿಕೊಂಡಿತು. ಅಣ್ಣ ಬಿಡಿಸಲು ಇಳಿದ. ಬಲೆ ಹೋದರೆ ಹೋಗಲಿ ಬಾರೋ ಅಂತ ಅಪ್ಪ ಕೂಗಿದನಂತೆ. ಅದನ್ನು ಹೇಳಿದ್ದು ಅಪ್ಪನೇ. ನಾನು ಅಲ್ಲಿ ಇರಲಿಲ್ಲ. ಮಾರನೆಯ ದಿನ ಕೆಳಗಡೆ ಜಾಲಿ ಪೊದೆಯಲ್ಲಿ ಅಣ್ಣ ಸಿಕ್ಕಿದ. ಬಲೆಯನ್ನು ಯಾರೋ ತಂದು ನಮ್ಮ ಬಾಗಿಲಲ್ಲಿ ಇಟ್ಟು ಹೋದರು. ಅಮ್ಮ ಅದನ್ನು ಮಡಚಿ ಅಟ್ಟದ ಮೇಲೆ ಹಾಕಿದಳು.

ಅವತ್ತಿನಿಂದ ಮನೆಯಲ್ಲಿ ಎಲ್ಲ ಮೊದಲಿನ ಹಾಗೇ ನಡೆಯಿತು. ಅಮ್ಮ ಹೂವಿನ ತೋಟಕ್ಕೆ ಕೂಲಿಗೆ ಹೋದಳು. ಅಪ್ಪ ಇಟ್ಟಿಗೆ ಗೂಡಿಗೆ ಹೋದ. ನಾನು ಮುದ್ದೆ ತಿರುವಿದೆ, ಕಸ ಗುಡಿಸಿದೆ. ಹೊತ್ತಾದರೆ ಅಣ್ಣನ ಬೈಕಿನ ಸದ್ದು ಬರುತ್ತದೆ ಅಂತ ಕಿವಿ ತಾನಾಗಿ ಬಾಗಿಲ ಕಡೆ ಹೋಗುತ್ತಿತ್ತು. ಬರದಿದ್ದರೂ ಏನೂ ಆಗುತ್ತಿರಲಿಲ್ಲ. ಕಾಲು ಜೋಮು ಹಿಡಿದಾಗ ಅದು ನನ್ನ ಕಾಲೇ ಅಂತ ಗೊತ್ತಿರುತ್ತದಲ್ಲ, ಹಾಗೆ ಇತ್ತು.

ಎದುರು ಮನೆಯ ಲಕ್ಷ್ಮಿದೇವಮ್ಮ ದಿನಾ ಬರುತ್ತಿದ್ದಳು. ಹೊಸ್ತಿಲ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಊರಿನ ಸುದ್ದಿ ಹೇಳುತ್ತಿದ್ದಳು. ಮೀನಿನ ಮಾತು ನೇರವಾಗಿ ಎತ್ತುತ್ತಿರಲಿಲ್ಲ.

"ಅಕ್ಕಾ, ನಮ್ಮ ಮನೆಯೋನು ಬೆಳಗ್ಗೆ ಎದ್ದೋನೇ ಹೊಳೆ ದಡಕ್ಕೆ ಹೋಗಿ ಕೂತ್ಕೋತಾನೆ. ಏನು ಮಾಡ್ತಿದ್ದೀಯ ಅಂದ್ರೆ ಮೀನು ಎಣಿಸ್ತಾ ಇದೀನಿ ಅಂತಾನೆ. ನನ್ನ ಹೆಣ್ಣು ನೋಡಕ್ಕೆ ಬಂದಾಗ್ಲೂ ಇಷ್ಟು ಕಣ್ಣು ಬಿಟ್ಟು ನೋಡಿರ್ಲಿಲ್ಲ."

ಅಮ್ಮ ನೆನೆಸಿದ ಅವರೆಕಾಳು ಹಿಚುಕುತ್ತಾ ಇದ್ದಳು. ನಗಲಿಲ್ಲ.

"ನಾನು ಯಾರಿಗೂ ಇಳೀಬೇಡಿ ಅಂದಿಲ್ವಲ್ಲ."

"ನೀನು ಅನ್ನಲ್ಲ ಅಕ್ಕಾ. ಆದ್ರೆ ಏಂ ಚೇಸ್ತಾಮಮ್ಮಾ, ಏನು ಮಾಡಕ್ಕಾಗುತ್ತೆ, ಊರಿನ ಕಟ್ಟು. ಇಳಿದೋನ ಮನೆಗೆ ಒಳ್ಳೇದಾಗಲ್ಲ ಅಂತಾರೆ."

ನಾನು ಒಲೆ ಮುಂದೆ ಕೂತಿದ್ದೆ. ಜನರ ಮುಂದೆ ನಾನು ಮಾತಾಡುವುದು ಕಡಿಮೆ. ಅವತ್ತು ಯಾಕೋ ಬಾಯಿಂದ ಬಂದುಬಿಟ್ಟಿತು. "ನಾನು ತಿಂದ್ರೆ ಆಗಲ್ವಾ?"

ಇಬ್ಬರೂ ನನ್ನ ಕಡೆ ತಿರುಗಿದರು. ಲಕ್ಷ್ಮಿದೇವಮ್ಮ ಬಾಯಿಗೆ ಸೆರಗು ಇಟ್ಟುಕೊಂಡಳು.

"ಅಯ್ಯೋ ನಮ್ಮಮ್ಮಾ, ಅಮೃತ ಮಾತಾಡ್ತಾಳೆ! ನೀನು ನಾಳೆ ಇನ್ನೊಂದು ಮನೆ ಸೇರೋಳು ಕಣಮ್ಮ. ನಿನ್ನ ತುತ್ತು ಈ ಹೊಳೆಗೆ ಲೆಕ್ಕಕ್ಕಿಲ್ಲ. ಹೆತ್ತ ಬಾಯೇ ಆಗ್ಬೇಕು."

ಅಮ್ಮ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮತ್ತೆ ಕಾಳು ಹಿಚುಕಿದಳು.

ಆ ವಾರ ಮೀನು ಸಾಯಲು ಶುರುವಾಯಿತು. ಮೊದಲು ಸಣ್ಣ ಪಕ್ಕೆ ಮೀನುಗಳು, ಬೆಳ್ಳಗೆ ಹೊಟ್ಟೆ ಮೇಲೆ ಮಾಡಿ ಅಂಚಿಗೆ ಬಂದವು. ವಾಸನೆ ಊರೊಳಗೂ ಬಂತು. ಎಮ್ಮೆಗಳು ನೀರಿಗೆ ಬಾಯಿ ಇಡದೆ ಮೂಸಿ ಹಿಂದೆ ಬಂದವು.

ಒಂದು ಸಾಯಂಕಾಲ ಚೆನ್ನರಾಯಪ್ಪನವರು ನಮ್ಮ ಬೀದಿಗೆ ಬಂದರು. ಹೊಳೆ ಪಕ್ಕದ ಜೋಳದ ಹೊಲ ಅವರದು. ಊರಿನ ದೊಡ್ಡ ಯಜಮಾನರು. ನಮ್ಮ ಬೀದಿಗೆ ಅವರು ಸುಮ್ಮನೆ ಬರುವುದಿಲ್ಲ. ಅಪ್ಪ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು ಅಂಗಳದಲ್ಲಿ ಹಾಕಿದ. ನಾನು ಲೋಟದಲ್ಲಿ ನೀರು ತಂದಿಟ್ಟೆ. ಅವರು ತಮ್ಮ ಜೊತೆ ತಂದಿದ್ದ ನೀರಿನ ಬಾಟಲಿಯಿಂದ ಕುಡಿದರು. ಲೋಟ ಹಾಗೇ ಇತ್ತು.

"ಆವುಲಪ್ಪ, ಹೊಳೆ ನೋಡಿದ್ಯಾ?"

"ಇಲ್ಲ ಗೌಡ್ರೆ," ಅಂದ ಅಪ್ಪ.

"ನೋಡಲ್ಲ ನೀನು. ನಂಗೊತ್ತು. ನಾನು ದಿನಾ ನೋಡ್ತೀನಿ. ಇನ್ನೊಂದು ವಾರ ಬಿಟ್ರೆ ಕೊರಮೀನೂ ಉಳಿಯಲ್ಲ. ತಳಿಯೇ ಹೋಗುತ್ತೆ. ಮಳೆ ಬಂದ್ರೂ ಏನಿರುತ್ತೆ ಅದರಲ್ಲಿ, ಕಪ್ಪೆ." ಅವರು ಬಾಗಿಲ ಕಡೆ ನೋಡಿ ದನಿ ಎತ್ತಿದರು. "ಮುನಿಶಾಮಮ್ಮ, ಕೇಳಿಸ್ತೇನಮ್ಮ? ಮಗ ಹೋದ ಸಂಕಟ ಯಾರಿಗೆ ಗೊತ್ತಿಲ್ಲ. ಒಂದು ತುತ್ತು. ನುಂಗಬೇಕು ಅಂತಾನೂ ಇಲ್ಲ. ಬಾಯಿಗಿಡು ಸಾಕು."

ಅಮ್ಮ ಬಾಗಿಲಿಗೆ ಬಂದು ನಿಂತಳು. ಅವರ ಮುಂದೆ ಅಮ್ಮ ಸೆರಗನ್ನು ತಲೆ ಮೇಲೆ ಎಳೆದುಕೊಳ್ಳುತ್ತಿದ್ದಳು. ಅವತ್ತು ಎಳೆದುಕೊಳ್ಳಲಿಲ್ಲ.

"ನಾನು ಬಾಯಿಗಿಟ್ರೆ ನೀವೆಲ್ಲ ಇಳೀತೀರ ಗೌಡ್ರೆ. ಇಳಿದ್ರೆ ಕೂಗಾಡ್ತೀರ, ನಗ್ತೀರ. ನೀರಿಗಿಳಿದ್ರೆ ನಗು ಬರುತ್ತೆ, ನಂಗೂ ಬರ್ತಿತ್ತು. ಅಲ್ಲಿಗೆ ಮುಗೀತು. ಈಗ ಊರೋರು ದಿನಾ ಹೊಳೆ ನೋಡ್ತಾರೆ. ನೋಡಿದಾಗೆಲ್ಲ ಮಧು ಹೆಸರು ನೆನೀತಾರೆ. ಬೈಕೊಂಡಾದ್ರೂ ನೆನೀತಾರೆ. ನಂಗೆ ಅಷ್ಟು ಸಾಕು."

ಚೆನ್ನರಾಯಪ್ಪನವರು ಬಾಟಲಿಯ ಮುಚ್ಚಳ ತಿರುವಿದರು, ಮತ್ತೆ ಬಿಚ್ಚಿದರು.

"ಆವುಲಪ್ಪ, ನೀನೇ ಹೇಳಪ್ಪ ನಿನ್ನ ಹೆಂಡ್ತಿಗೆ," ಅಂದು ಎದ್ದು ಹೋದರು.

ಊಟ ಆದ ಮೇಲೆ ಅಪ್ಪ ಕೈ ತೊಳೆದುಕೊಂಡು ಬಂದು ಗೋಡೆಗೆ ಒರಗಿ ಕೂತ.

"ಲೇ, ನಾನು ಮೀನು ತರ್ತೀನಿ. ಭಾನುವಾರ. ನೀನು ಏನೂ ಮಾತಾಡ್ಬೇಡ. ಬಾಯಿಗಿಟ್ಟು ಎದ್ದು ಹೋಗು."

ಅಮ್ಮ ತಟ್ಟೆಗಳನ್ನು ಎತ್ತಿಕೊಂಡಳು. "ನೀನು ತರ್ತೀಯಾ?"

"ತರ್ತೀನಿ."

"ಸರಿ. ತಾ. ನೋಡಣ."

ಅಮ್ಮ ಯಾಕೆ ಸರಿ ಅಂದಳು ಅಂತ ನನಗೆ ಆಗ ಗೊತ್ತಾಗಲಿಲ್ಲ. ಅಪ್ಪ ಹೊಳೆಗೆ ಇಳಿಯುತ್ತೇನೆ ಅಂದದ್ದು ಅವಳಿಗೆ ದೊಡ್ಡದಾಗಿ ಕಂಡಿರಬೇಕು. ಅಣ್ಣ ಹೋದ ಮೇಲೆ ಅಪ್ಪ ಹೊಳೆಯ ಕಡೆಯ ದಾರಿಯಲ್ಲೇ ನಡೆದಿರಲಿಲ್ಲ. ಇಟ್ಟಿಗೆ ಗೂಡಿಗೂ ಊರು ಸುತ್ತಿಕೊಂಡು ರೋಡಿನ ಮೇಲೆ ಹೋಗುತ್ತಿದ್ದ.

ಭಾನುವಾರ ಬೆಳಗ್ಗೆ ಅಪ್ಪ ನನ್ನನ್ನು ಕರೆದ. ಬುಟ್ಟಿ ತಗೋ ಅಂದ. ನಾವು ಹೊಳೆಗೆ ಹೋಗಲಿಲ್ಲ. ರೋಡಿಗೆ ಹೋಗಿ ಗೌರಿಬಿದನೂರಿನ ಬಸ್ ಹತ್ತಿದೆವು. ಕಿಟಕಿಯಿಂದ ಜೋಳದ ಹೊಲ, ಗೋದಾಮು, ಮದುವೆ ಛತ್ರ ನೋಡಿದೆ. ಅಣ್ಣ ದಿನಾ ನೋಡುತ್ತಿದ್ದದ್ದು ಇದನ್ನೇ ಅಂತ ಒಂದು ಸಲ ಅಂದುಕೊಂಡೆ. ಆಮೇಲೆ ಮರೆತೆ.

ಮೀನಿನ ಅಂಗಡಿಯವನು ಥರ್ಮೊಕೋಲ್ ಡಬ್ಬಿಯ ಮುಚ್ಚಳ ತೆಗೆದು ಐಸಿನ ಒಳಗೆ ಕೈ ಹಾಕಿದ. ಕಾಟ್ಲಾ, ರೋಹು, ಜಿಲೇಬಿ ಮೀನು ಇದ್ದವು. ಅಪ್ಪ ತಳದಲ್ಲಿ ಹುಡುಕಿಸಿ ಗೆಂಡೆ ಮೀನು ತೆಗೆಸಿದ. ನಮ್ಮ ಹೊಳೆಯಲ್ಲಿ ಇರುವಂಥದ್ದೇ, ಆದರೆ ಯಾವುದೋ ಕೆರೆಯದು.

"ಯಾವ ಕೆರೇದು?" ಅಂತ ಅಪ್ಪ ಕೇಳಿದ.

"ಯಾವುದಾದ್ರೇನಣ್ಣ, ಸತ್ತಿದೆ," ಅಂದ ಅಂಗಡಿಯವನು. ತನ್ನ ಮಾತಿಗೆ ತಾನೇ ನಕ್ಕ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ಮಾತಾಡಿದ. ನನ್ನ ಕಡೆ ನೋಡದೆ ಮುಂದಿನ ಸೀಟಿನ ಕಂಬಿ ನೋಡಿಕೊಂಡು.

"ಆ ನೀರಿಂದು ಅವಳ ಬಾಯಿಗೆ ಹೋಗಬಾರದು ಕಣಮ್ಮ. ಊರೋರಿಗೆ ಬೇಕಾಗಿರೋದು ಅವಳು ತಿನ್ನೋದು ನೋಡೋದಷ್ಟೇ. ನೋಡ್ಕೊಂಡು ಹೋಗ್ಲಿ."

ನಾನು ತಲೆ ಆಡಿಸಿದೆ. ಊರಿನ ಹೊರಗೆ ಇಳಿದ ಮೇಲೆ ಅಪ್ಪ ಬೋರ್‌ವೆಲ್ಲಿನ ತೊಟ್ಟಿಯ ಹತ್ತಿರ ನಿಂತ. ಪಂಚೆಯನ್ನು ಮೊಣಕಾಲಿನ ತನಕ ನೆನೆಸಿಕೊಂಡ. ಸ್ವಲ್ಪ ಮಣ್ಣು ತೆಗೆದು ಕಾಲಿಗೆ ಹಚ್ಚಿಕೊಂಡ. ಬುಟ್ಟಿಯಲ್ಲಿದ್ದ ಮೀನಿನ ಮೇಲೂ ನೀರು ಎರಚಿದ.

ಮೀನು ನಾನೇ ಉಜ್ಜಿದೆ, ನಾನೇ ಸಾರು ಮಾಡಿದೆ. ಹುಣಿಸೆ, ಮೆಣಸಿನಕಾಯಿ, ಧನಿಯ, ಕೊನೆಗೆ ಎರಡು ಎಸಳು ಕರಿಬೇವು. ಅಮ್ಮ ಅಡಿಗೆಮನೆಗೆ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಜನ ಸೇರಿದರು. ಚೆನ್ನರಾಯಪ್ಪನವರು ಬಾಟಲಿಯ ಸಮೇತ ಬಂದಿದ್ದರು. ಲಕ್ಷ್ಮಿದೇವಮ್ಮನ ಮನೆಯೋನು ಬಲೆಯನ್ನು ಹೆಗಲ ಮೇಲೆ ಹಾಕಿಕೊಂಡೇ ಬಂದಿದ್ದ.

"ಥೂ, ಅದನ್ನ ಮನೇಲಿ ಇಟ್ಟು ಬರಕ್ಕಾಗ್ಲಿಲ್ವಾ? ಅಕ್ಕನ್ನ ತುತ್ತು ನುಂಗಕ್ಕೂ ಬಿಡಲ್ವೇನೋ ನೀನು," ಅಂತ ಲಕ್ಷ್ಮಿದೇವಮ್ಮ ಅವನನ್ನು ಜನರ ಹಿಂದಕ್ಕೆ ತಳ್ಳಿದಳು.

ಅಮ್ಮ ಚಾಪೆ ಮೇಲೆ ಕೂತಳು. ನಾನು ತಟ್ಟೆ ತಂದಿಟ್ಟೆ. ಅಮ್ಮ ಮೀನಿನ ತುಂಡನ್ನು ಬೆರಳಿನಿಂದ ಮುಟ್ಟಿದಳು. ಅದು ಒತ್ತುವ ಮೊದಲೇ ಮುಳ್ಳು ಬಿಟ್ಟು ಸಾರಿನೊಳಗೆ ಪುಡಿಯಾಯಿತು. ಐಸಿನಲ್ಲಿಟ್ಟ ಮೀನು ಹಾಗೇ ಆಗುವುದು. ಅಮ್ಮ ಅಪ್ಪನ ಕಡೆ ನೋಡಿದಳು. ಅಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

"ಎಲ್ಲಿ ಹಿಡಿದೆ?"

"ಡ್ಯಾಮಿನ ಹತ್ರ."

"ಯಾವುದರಲ್ಲಿ ಹಿಡಿದೆ?"

ಅಪ್ಪ ಅಟ್ಟದ ಕಡೆ ನೋಡಿದ.

"ಬಲೆ ಅಟ್ಟದ ಮೇಲಿದೆ. ಬೆಳಗ್ಗೆ ನೋಡಿದೆ. ಧೂಳು ಹಂಗೇ ಇದೆ." ಅಮ್ಮನ ದನಿ ದೊಡ್ಡದಾಗಲಿಲ್ಲ. "ಇದು ಐಸ್ ಮೀನು. ನೀನು ನೀರಿಗೆ ಇಳಿದೇ ಇಲ್ಲ."

ಅಂಗಳದಲ್ಲಿ ಯಾರೋ ಕೆಮ್ಮಿದರು. ಚೆನ್ನರಾಯಪ್ಪನವರು ಕುರ್ಚಿಯಲ್ಲಿ ಮುಂದೆ ಬಗ್ಗಿದರು. ಅಪ್ಪನ ಒಂದು ಕಾಲಿನ ಮಣ್ಣು ಒಣಗಿ ಉದುರುತ್ತಿತ್ತು.

"ಇಳಿಯಕ್ಕೆ ಆಗ್ಲಿಲ್ಲ," ಅಂದ. "ನೀನೂ ಆ ನೀರಿಂದು ತಿನ್ನೋದು ಬೇಡ ಅಂತ..."

"ಸುಳ್ಳು ಮೀನಲ್ಲಿ ಮುಗಿಸ್ತೀಯಾ ನನ್ನ ಮಗನ್ನ?"

ಅಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದಳು. ಬೈಯುತ್ತಾಳೆ, ಅಳುತ್ತಾಳೆ ಅಂತ ಎಲ್ಲರೂ ಕಾಯುತ್ತಿದ್ದರು. ನಾನೂ ಕಾಯುತ್ತಿದ್ದೆ. ಅಣ್ಣ ಹೋದ ಮೇಲೆ ಅವಳು ಜೋರಾಗಿ ಅತ್ತದ್ದನ್ನು ನಾನು ನೋಡಿರಲಿಲ್ಲ. ಅವಳು ಒಳಗೆ ಹೋಗಿ ಟ್ರಂಕಿನಿಂದ ಒಂದು ಹಳೆಯ ಕಾಟನ್ ಸೀರೆ ತೆಗೆದುಕೊಂಡು ಬಂದಳು.

"ಮುಗಿಸೋದಾದ್ರೆ ನಾನೇ ಮುಗಿಸ್ತೀನಿ. ಬಾರೆ ಅಮೃತ. ಒಂದು ಕಡೆ ಹಿಡ್ಕೋ."

ಸೀರೆಯಲ್ಲಿ ಮೀನು ಹಿಡಿಯುವುದು ಹೆಂಗಸರ ಕೆಲಸ. ಬಲೆ ಗಂಡಸರದು. ಸೀರೆಗೆ ಇಬ್ಬರು ಬೇಕು. ಒಬ್ಬೊಬ್ಬರು ಒಂದೊಂದು ತುದಿ ಹಿಡಿದು, ಕೆಳಗಿನ ಅಂಚನ್ನು ಕಾಲಿನಿಂದ ಕೆಸರಿಗೆ ಒತ್ತಿಕೊಂಡು, ಬಗ್ಗಿ, ದಡದ ಕಡೆಗೆ ನಡೆಯಬೇಕು. ಚಿಕ್ಕವಳಿದ್ದಾಗ ಅಜ್ಜಿಯ ಜೊತೆ ಕೆರೆಯ ಕಾಲುವೆಯಲ್ಲಿ ಹಿಡಿದಿದ್ದೆ. ಹೊಳೆಯಲ್ಲಿ ಹಿಡಿದಿರಲಿಲ್ಲ.

ನಾವು ಮುಂದೆ ನಡೆದೆವು, ಊರು ಹಿಂದೆ ಬಂತು. ಅಪ್ಪ ಬರಲಿಲ್ಲ. ಬಿಸಿಲು ಜೋರಾಗಿತ್ತು. ಹೊಳೆಯ ದಡದಲ್ಲಿ ಸತ್ತ ಪಕ್ಕೆಗಳು ಒಣಗಿ ಎಲೆಗಳ ಹಾಗೆ ಬಿದ್ದಿದ್ದವು. ಅಮ್ಮ ಉಟ್ಟ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಡ್ಯಾಮಿನ ಗೋಡೆಯ ಹತ್ತಿರ, ಅಣ್ಣ ಹೋದ ಜಾಗದಲ್ಲೇ, ಇಳಿದಳು. ನಾನೂ ಇಳಿದೆ.

ನೀರು ಮೇಲೆ ಬೆಚ್ಚಗಿತ್ತು, ಕೆಳಗೆ ತಣ್ಣಗಿತ್ತು. ಕೆಸರು ಕಾಲನ್ನು ಹಿಡಿದು ಬಿಟ್ಟು ಮಾಡುತ್ತಿತ್ತು. ನಾನು ಕೆಳಗೆ ನೋಡಲಿಲ್ಲ. ಕಬ್ಬಿಣದ ಸರಳು ನೀರಿನಿಂದ ಮೇಲೆ ಬಂದು ತುಕ್ಕು ಹಿಡಿದು ನಿಂತಿತ್ತು. ಅದರ ಮೇಲೆ ಕೂತಿದ್ದ ಒಂದು ಮಿಂಚುಳ್ಳಿ ನಮ್ಮನ್ನು ನೋಡಿ ಹಾರಿಹೋಯಿತು. ಇಲ್ಲಿ ನನಗೆ ಏನಾದರೂ ಆಗಬೇಕು ಅಂದುಕೊಂಡೆ. ಆಗಲಿಲ್ಲ. ಕಾಲ ಬೆರಳಿಗೆ ಏನೋ ಮೆತ್ತಗೆ ತಾಗಿ ಸರಿದುಹೋಯಿತು, ಅಷ್ಟೇ.

"ಕೆಳಗೆ ಒತ್ತೇ," ಅಂದಳು ಅಮ್ಮ. "ಮೇಲೆ ಎತ್ತಿದ್ರೆ ಓಡ್ಹೋಗ್ತವೆ. ಹ್ಞಾಂ. ನಿಧಾನ. ನನ್ನ ಕಡೆ ಬಾ."

ಮೊದಲ ಸಲ ಎತ್ತಿದಾಗ ಕೆಸರು ಮತ್ತು ಒಂದು ಹರಿದ ಚಪ್ಪಲಿ ಬಂತು. ಯಾರದೋ ಹೆಂಗಸಿನ ಚಪ್ಪಲಿ. ಅಮ್ಮ ಅದನ್ನು ತಿರುಗಿಸಿ ನೋಡಿ ದಡಕ್ಕೆ ಎಸೆದಳು. ಆಮೇಲಿನ ಸಲ ಸೀರೆ ಕುಣಿಯಿತು. ಪಕ್ಕೆಗಳು, ಸೀಗಡಿ, ಒಂದು ಸಣ್ಣ ಏಡಿ, ಅಂಗೈ ಉದ್ದದ ಒಂದು ಗೆಂಡೆ. ಬಟ್ಟೆಯ ಮೇಲೆ ಬೆಳ್ಳಗೆ ಹಾರಿ ಹಾರಿ ಬಿದ್ದವು. ದಡದಿಂದ ಯಾರೋ "ಬಂತು, ಬಂತು" ಅಂದು, ಅಂದದ್ದಕ್ಕೆ ನಾಚಿಕೊಂಡು ಸುಮ್ಮನಾದರು.

ಅಮ್ಮ ಮನೆಗೆ ಹೋಗಲು ಒಪ್ಪಲಿಲ್ಲ. ದಡದ ಮೇಲೆ ಕಲ್ಲು ಕೂಡಿಸಿ ಜಾಲಿ ಕಡ್ಡಿ ಹೊತ್ತಿಸಿದಳು. ಲಕ್ಷ್ಮಿದೇವಮ್ಮ ಹತ್ತಿರದ ಪಂಪ್‌ಹೌಸಿನಿಂದ ಕಾಗದದಲ್ಲಿ ಉಪ್ಪು ತಂದುಕೊಟ್ಟಳು. ಬೆಂಕಿ ಇಳಿದು ಕೆಂಡವಾಗುವ ತನಕ ಎಲ್ಲರೂ ಬಿಸಿಲಿನಲ್ಲಿ ನಿಂತರು. ಚೆನ್ನರಾಯಪ್ಪನವರಿಗೆ ಯಾರೋ ಕೊಡೆ ಹಿಡಿದರು. ಅವರು ಬೇಡ ಅಂದು ಸರಿಸಿದರು.

ಅಮ್ಮ ಗೆಂಡೆಯ ಹೊಟ್ಟೆ ಬಗೆದು, ತೊಳೆದು, ಉಪ್ಪು ಸವರಿ ಕೆಂಡದ ಮೇಲೆ ಇಟ್ಟಳು. ಚರ್ಮ ಕಪ್ಪಾಗಿ ಬಿರಿಯಿತು. ತಿರುವಿ ಹಾಕಿದಳು. ಆಮೇಲೆ ಕೈಗೆ ತಗೊಂಡು, ಊದಿ, ಬೆನ್ನಿನ ಕಡೆಯಿಂದ ಸ್ವಲ್ಪ ಬಿಡಿಸಿ ಬಾಯಿಗೆ ಇಟ್ಟಳು.

ಅವಳು ಅಗಿಯುವುದನ್ನು ನಾನು ನೋಡುತ್ತಿದ್ದೆ. ಮುಳ್ಳು ಸಿಕ್ಕಿದರೆ ಎಲ್ಲರೂ ಮಾಡುವ ಹಾಗೆ ನಾಲಿಗೆಯಿಂದ ಅಂಚಿಗೆ ತಂದು ಬೆರಳಿನಿಂದ ತೆಗೆದಳು. ನುಂಗಿದಳು. ಬಾಯಿಗಿಟ್ಟರೆ ಸಾಕು ಅಂದಿದ್ದರು. ಅವಳು ನುಂಗಿದಳು. ಇನ್ನೊಂದು ತುಂಡನ್ನೂ ತಿಂದಳು.

ಯಾರೂ ಕದಲಲಿಲ್ಲ.

"ಏನು ನೋಡ್ತೀರ?" ಅಂದಳು ಅಮ್ಮ. "ಆಯ್ತಲ್ಲ. ಇಳೀರಿ."

ಆದರೂ ಯಾರೂ ಮೊದಲು ಇಳಿಯಲು ಮನಸ್ಸು ಮಾಡಲಿಲ್ಲ. ಕೊನೆಗೆ ಲಕ್ಷ್ಮಿದೇವಮ್ಮ ತನ್ನ ಮನೆಯೋನ ಬೆನ್ನಿಗೆ ಒಂದು ಬಿಟ್ಟಳು. "ಬೆಳಗ್ಗೆಯಿಂದ ಬಲೆ ಹೊತ್ಕೊಂಡು ನಿಂತಿದ್ಯಲ್ಲ, ಈಗ ಏನು ಗರ ಬಡೀತು ನಿಂಗೆ? ಹೋಗು!" ಅವನು ಇಳಿದ. ಅವನ ಹಿಂದೆ ಇನ್ನಿಬ್ಬರು ಇಳಿದರು. ಆಮೇಲೆ ಎಲ್ಲರೂ. ನೀರು ಬಗ್ಗಡವಾಯಿತು. ಸ್ವಲ್ಪ ಹೊತ್ತು ಪಿಸುಮಾತು ಮಾತ್ರ ಇತ್ತು, ಸಾವಿನ ಮನೆಯ ಹಾಗೆ. ಆಮೇಲೆ ಒಬ್ಬನ ಕೈಯಿಂದ ಕೊರಮೀನು ಜಾರಿ ಅವನ ಎದೆಗೇ ಬಡಿಯಿತು. ಅವನು ಮಗುಚಿ ಬಿದ್ದ. ಯಾರೋ ನಕ್ಕರು. ನಗು ಈ ದಡದಿಂದ ಆ ದಡಕ್ಕೆ ಹೋಯಿತು.

ನಾನು ಅಮ್ಮನ ಮುಖ ನೋಡಿದೆ. ಇದಕ್ಕೇ ಅಲ್ಲವಾ ಇಷ್ಟು ದಿನ ತಡೆದದ್ದು ಅಂದುಕೊಂಡೆ. ಅಮ್ಮ ನೀರಿನ ಕಡೆಯೇ ನೋಡುತ್ತಿದ್ದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. ಸೀರೆಯ ನೀರು ತೊಟ್ಟಿಕ್ಕಿ ಅವಳ ಕಾಲ ಬಳಿ ಸಣ್ಣ ಹೊಂಡವಾಗಿತ್ತು.

"ತಗೋ," ಅಂದಳು. ಗೆಂಡೆಯ ಉಳಿದ ಅರ್ಧವನ್ನು ನನ್ನ ಅಂಗೈಗೆ ಇಟ್ಟಳು. "ಬಾಲದ ಕಡೆ ಮುಳ್ಳು ಜಾಸ್ತಿ. ನೋಡ್ಕೊಂಡು ತಿನ್ನು."

ಬಿಸಿ ಇತ್ತು. ನಾಲಿಗೆ ಸುಟ್ಟಿತು. ಆಮೇಲೆ ಉಪ್ಪು, ಹೊಗೆ, ಮೀನಿನ ರುಚಿ. ಬೇರೆ ಏನೂ ಇರಲಿಲ್ಲ. ನನಗೆ ಹಸಿವಾಗಿತ್ತು ಅಂತ ತಿನ್ನುವಾಗಲೇ ಗೊತ್ತಾದದ್ದು.

ಎಷ್ಟೋ ಹೊತ್ತಾದ ಮೇಲೆ ಅಪ್ಪ ಬಂದ. ಕಾಲಿನ ಮಣ್ಣು ತೊಳೆದುಕೊಂಡು ಬಂದಿದ್ದ. ಬೇರೆ ಪಂಚೆ ಉಟ್ಟಿದ್ದ. ಹುಣಿಸೇ ಮರದ ಹತ್ತಿರ ನಿಂತು ನೀರಿನ ಕಡೆ ನೋಡಿದ, ಸರಳಿನ ಕಡೆ ನೋಡಿದ, ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಇನ್ನೂ ಹತ್ತಿರ ಬರಲಿಲ್ಲ.

ಅಮ್ಮ ಅವನನ್ನು ಕರೆಯಲಿಲ್ಲ. ಸೀರೆಯಲ್ಲಿ ಉಳಿದಿದ್ದ ಪಕ್ಕೆಗಳಲ್ಲಿ ಸ್ವಲ್ಪ ದೊಡ್ಡದನ್ನು ಆರಿಸಿದಳು. ಹೊಟ್ಟೆ ಒತ್ತಿ ಕರುಳು ತೆಗೆದಳು. ಕೆಂಡವನ್ನು ಕಡ್ಡಿಯಿಂದ ಕೆದಕಿ, ಊದಿ, ಅದರ ಮೇಲೆ ಇಟ್ಟಳು.

"ಹೋಗಿ ಕೊಟ್ಟು ಬಾ, ಬೆಂದ ಮೇಲೆ," ಅಂದಳು.